ಎರಡು ವಾಲ್ವ್

ಹೃದಯದ ಆಪರೇಷನ್ನಿಗೆ ಮುಂಚೆ ಡಾಕ್ಟರು ಎರಡು ವಾಲ್ವ್‌ಗಳನ್ನು ಮೇಜಿನ ಮೇಲಿಟ್ಟು ಎದುರು ಕೂತಿದ್ದ ವೃದ್ಧೆಯ ಕಡೆ ಸರಿಸಿದರು.

“ಜೊತೆಗೆ ಯಾರು ಬಂದಿದ್ದಾರಮ್ಮ?”

“ಆಟೋದವರು ಹೊರಗಡೆ ಕಾಯ್ತಿದ್ದಾರೆ.”

ಡಾಕ್ಟರು ಒಂದು ಕ್ಷಣ ಬಾಗಿಲಿನತ್ತ ನೋಡಿ, ಆಮೇಲೆ ಆಕೆಗೇ ವಿವರಿಸತೊಡಗಿದರು.

“ಇದು ಹಸುವಿನ ಹೃದಯದ ಪೊರೆಯಿಂದ ಮಾಡಿದ್ದು. ಹತ್ತು ಹದಿನೈದು ವರ್ಷ ಬಾಳಿಕೆ ಬರುತ್ತೆ. ಗಾಯ ಮಾಗಿದ ಮೇಲೆ ವರ್ಷಕ್ಕೊಂದು ಸಲ ಬಂದು ತೋರಿಸ್ಕೊಂಡು ಹೋದ್ರೆ ಸಾಕು. ಎಪ್ಪತ್ತರ ಹತ್ತಿರ ಇದ್ದೀರಿ, ನಿಮಗೆ ಇದೇ ಸರಿ.”

“ಇನ್ನೊಂದು?”

“ಅದು ಲೋಹದ್ದು. ಬಾಳಿಕೆ ಜಾಸ್ತಿ, ರಗಳೆಯೂ ಜಾಸ್ತಿ. ರಕ್ತ ಹೆಪ್ಪುಗಟ್ಟದ ಹಾಗೆ ಜೀವನಪೂರ್ತಿ ಮಾತ್ರೆ ನುಂಗ್ಬೇಕು. ಸೊಪ್ಪು ತಿನ್ನೋದಕ್ಕೂ ಒಂದು ಲೆಕ್ಕ ಇರುತ್ತೆ. ತಿಂಗಳು ತಿಂಗಳು ಇಲ್ಲಿಗೆ ಬಂದು ರಕ್ತ ಪರೀಕ್ಷೆ ಮಾಡಿಸ್ಬೇಕು.”

“ರಕ್ತ ಯಾರು ತೆಗೀತಾರೆ?”

ಆಕೆ ಹೆದರಿಕೊಂಡಿದ್ದಾರೆ ಎನಿಸಿ ಡಾಕ್ಟರು ದನಿ ಮೆತ್ತಗೆ ಮಾಡಿದರು. “ನಮ್ಮ ಸಿಸ್ಟರ್. ಮಾತಾಡಿಸ್ತಾ ಮಾತಾಡಿಸ್ತಾ ತೆಗೆದುಬಿಡ್ತಾರೆ, ಚುಚ್ಚಿದ್ದೇ ಗೊತ್ತಾಗಲ್ಲ.”

“ಒಂದು ತಿಂಗಳು ಬರೋದು ಮರೆತುಹೋದ್ರೆ?”

“ಮರೆಯೋಕೆ ಅವರು ಬಿಡಬೇಕಲ್ಲ. ಅವತ್ತೇ ಫೋನ್ ಮಾಡಿ, ಯಾಕೆ ಬರಲಿಲ್ಲ, ಹುಷಾರಾಗಿದ್ದೀರಾ ಅಂತ ಕೇಳ್ತಾರೆ. ನೀವು ಎತ್ತೋವರೆಗೂ ಮಾಡ್ತಾನೇ ಇರ್ತಾರೆ. ಈ ಕಾಟ ಎಲ್ಲ ನಿಮಗ್ಯಾಕಮ್ಮ?”

ಆಕೆ ಹಸುವಿನ ಪೊರೆಯ ವಾಲ್ವನ್ನು ಮೆಲ್ಲಗೆ ಡಾಕ್ಟರ ಕಡೆಗೆ ವಾಪಸ್ಸು ತಳ್ಳಿದರು.

“ಲೋಹದ್ದೇ ಹಾಕಿ. ನನ್ನ ಫೋನ್ ನಂಬರ್ ಬರ್ಕೊಳ್ಳಿ.”