ಟವೆಲ್ ಕೆಳಗಿನ ಕೈ

ಟವೆಲ್ ಕೆಳಗೆ ಅಪ್ಪನ ಬೆರಳುಗಳು ಆಡತೊಡಗಿದಾಗ ವಸಂತ ಹಲ್ಲು ಕಚ್ಚಿದ. ಈ ಸ್ಥಿತಿಯಲ್ಲೂ ಮುದುಕನಿಗೆ ವ್ಯಾಪಾರ ಬೇಕು!

ಶಿಕಾರಿಪುರದ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಮಾಸ್ತಪ್ಪ ನಲವತ್ತು ವರ್ಷ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಎದುರಿನವನ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿ ತಿಳಿಸುತ್ತಾರೆ. ಒತ್ತಿದ ಬೆರಳೆಷ್ಟೋ ಅಷ್ಟು ಅಂಕಿ, ಐದು ದಾಟಿದರೆ ಐದೂ ಬೆರಳು ಒಟ್ಟಿಗೆ ಒತ್ತಿ ಮಿಕ್ಕದ್ದನ್ನು ಮತ್ತೆ ಒತ್ತಬೇಕು, ಮುಷ್ಟಿ ಹಿಡಿದರೆ ಸೊನ್ನೆ. ಒಪ್ಪಿಗೆಯಾದರೆ ಅಂಗೈ ಅದುಮಬೇಕು. ಇಲ್ಲದಿದ್ದರೆ ಕೈ ಕೊಡವಿ ಎಳೆದುಕೊಳ್ಳಬೇಕು. ವಸಂತ ಅಕ್ಷರಕ್ಕಿಂತ ಮೊದಲು ಕಲಿತದ್ದು ಇದನ್ನೇ.

ಅಪ್ಪನ ಎಡಗೈ ಏಳು ಒತ್ತಿತು. ಆಮೇಲೆ ಎರಡು. ಎಪ್ಪತ್ತೆರಡು ಸಾವಿರ. ಯಾವ ಎತ್ತಿಗೋ, ಯಾವ ಕಾಲದ್ದೋ. ವಸಂತ ಕೈ ಕೊಡವಿ ಎಳೆದುಕೊಂಡ. ಮುದುಕನ ಕಣ್ಣಂಚಿನಿಂದ ನೀರು ಇಳಿದು ಕಿವಿಯತ್ತ ಹರಿಯಿತು. ಗಿರಾಕಿ ತಪ್ಪಿದ ಸಂಕಟವಿರಬೇಕು ಅಂದುಕೊಂಡ ಮಗ.

ಹನ್ನೆರಡು ವರ್ಷದ ಹಿಂದೆ ಹೀಗೇ ಒಂದು ಟವೆಲ್ ಕೆಳಗೆ, ವಸಂತ ಹೋರಿಹಬ್ಬದಲ್ಲಿ ಓಡಿಸಲೆಂದು ಕರುವಿನಿಂದ ಸಾಕಿದ್ದ ಹೋರಿಯನ್ನು ಅಪ್ಪ ಮಾರಿದ್ದ. ಮಗ ಪಕ್ಕದಲ್ಲೇ ನಿಂತಿದ್ದ. ಅವನನ್ನು ಒಂದು ಮಾತೂ ಕೇಳಲಿಲ್ಲ. ಅಂದೇ ವಸಂತ ಊರು ಬಿಟ್ಟ. ಎರಡು ದಿನ ಅಂಬ್ಲಿಗೊಳದ ಗೆಳೆಯನ ಮನೆಯಲ್ಲಿದ್ದ. ಯಾರ ಸಮಾಧಾನದ ಮಾತೂ ಬೇಡವೆಂದು ಮೊಬೈಲಿನ ಸಿಮ್ ಕಿತ್ತು ಅಲ್ಲಿನ ಡ್ಯಾಮಿನ ನೀರಿಗೆ ಎಸೆದ. ಆಮೇಲೆ ಎಲ್ಲೆಲ್ಲೋ ಅಲೆದು, ಈಗ ಎರಡು ವರ್ಷದಿಂದ ಚಂದ್ರಗುತ್ತಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮೊದಲು ಅಪ್ಪ ಕರೆಯಲಿ, ಆಮೇಲೆ ನಾನು ಅಪ್ಪಾ ಅನ್ನುತ್ತೇನೆ ಎಂಬುದು ಅವನ ಹಟ. ಅಪ್ಪ ಕರೆಯಲಿಲ್ಲ. ಕಾದು ಕಾದು ಸಿಟ್ಟು ಕೂಡ ಸುಸ್ತಾಗಿಹೋಗಿತ್ತು.

ಹಿಂದಿನ ದಿನ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನ ಜೊತೆಗಾರ, ದಲ್ಲಾಳಿ ಕೊಟ್ರೇಶ್ ಗುರುತು ಹಿಡಿದು ಹೆಗಲ ಮೇಲೆ ಕೈ ಹಾಕಿದ.

"ಇಲ್ಲೇ ಇದ್ದೀಯೇನೋ! ನಿಮ್ಮಪ್ಪಗೆ ಲಕ್ವಾ ಹೊಡೆದೈತೆ. ಮಾತು ಹೋತು, ಕಣ್ಣೂ ಹೋತು. ಕಿವಿ ಒಂದು ನೆಟ್ಟಗೈತೆ."

"ನನ್ನ ಕೇಳ್ತಿದ್ನಾ?"

"ಬಾಯಿಬಿಟ್ಟು ಯಾರತ್ರ ಏನು ಕೇಳ್ದೋನು ಅವ್ನು? ಸಂತೆ ಮುಗಿದ್ಮೇಲೆ ಒಬ್ನೇ ಅತ್ಲಾಗೆ ಹೋಗಿ ಯಾವ್ದೋ ಗಿರಾಕಿಗೆ ಫೋನ್ ಮಾಡ್ತಿದ್ದ. ಅಷ್ಟೇ ಅವ್ನ ಪ್ರಪಂಚ."

ಗಿರಾಕಿಗೆ ಫೋನ್ ಮಾಡಲು ಬರುತ್ತದೆ, ಮಗನನ್ನು ವಿಚಾರಿಸಲು ಬರುವುದಿಲ್ಲ. ಆದರೂ ವಸಂತ ಶಿಕಾರಿಪುರದ ಬಸ್ ಹತ್ತಿದ.

ವಾರ್ಡಿನ ಆಚೆ, ವರಾಂಡದಲ್ಲೇ ನರ್ಸ್ ನೀಲಾಂಬಿಕ ತಡೆದಿದ್ದಳು. "ಪೇಷೆಂಟಿಗೆ ನೀವು ಏನಾಗ್ಬೇಕ್ರೀ?"

ಮಗ ಅನ್ನಲು ನಾಲಿಗೆ ಹೊರಳಲಿಲ್ಲ. "ಅವರ ಊರಿನವನು" ಅಂದ.

ಅವಳು ಒಳಗೆ ಹೋಗಿ ಮುದುಕನ ಕಿವಿಯ ಹತ್ತಿರ ಬಗ್ಗಿದಳು. "ಅಜ್ಜಾ, ನಿಮ್ಮೂರಿನೋರು ಯಾರೋ ಬಂದಾರೆ ನೋಡ್ರಿ. ನಿಮ್ ಜೊತೆ ಇರ್ತಾರಂತೆ."

ಅಂದಿನಿಂದ ವಸಂತ ಅಪ್ಪನ ಮುಖ ಒರೆಸಿದ, ಗಂಜಿ ಕುಡಿಸಿದ, ಮಗ್ಗುಲು ಬದಲಿಸಿದ. ತುಟಿ ಮಾತ್ರ ಬಿಚ್ಚಲಿಲ್ಲ. ಮಂಚದ ಹತ್ತಿರ ಕೆಮ್ಮು ಬಂದರೂ ಹೊರಗೆ ಹೋಗಿ ಕೆಮ್ಮಿದ. ಹಟವೆಂದರೆ ಹಟ, ಅಪ್ಪನ ರಕ್ತವಲ್ಲವೇ.

ಎರಡನೆಯ ದಿನವೂ ಮಾಸ್ತಪ್ಪ ತಡಕಾಡಿ ಟವೆಲ್ ಎಳೆದುಕೊಂಡ. ಏಳು, ಎರಡು, ಐದು. ವಸಂತ ಮತ್ತೆ ಕೊಡವಿದ. ಮುದುಕ ಗೋಡೆಯ ಕಡೆ ಮುಖ ತಿರುಗಿಸಿದ. ಆ ಸಂಜೆ ಡಾಕ್ಟರು ಹೊರಗೆ ಕರೆದು, "ಇನ್ನೊಂದ್ಸಲ ಹೊಡೆದ್ರೆ ಉಳಿಯಲ್ಲ. ಹೇಳೋದು ಕೇಳೋದು ಏನಾದ್ರೂ ಇದ್ರೆ ಅವ್ರ ಮಗನಿಗೆ ಹೇಳಿ ಕಳಿಸ್ರಿ" ಅಂದರು. ವಸಂತ ತಲೆಯಾಡಿಸಿ ಒಳಗೆ ಬಂದ. ಒಂದೇ ಒಂದು ಸಲ ತನ್ನನ್ನು ಕರೆದಿದ್ದರೆ ಸಾಕಿತ್ತು ಅನ್ನಿಸಿತು.

ಮೂರನೆಯ ದಿನ ಅವನಿಗೆ ಕೈ ಕೊಡವಲೂ ತ್ರಾಣವಿರಲಿಲ್ಲ. ಏನಾದರೂ ಮಾರಿಕೊಳ್ಳಲಿ ಎಂದು ಕೈ ಬಿಟ್ಟುಕೊಟ್ಟು ಕೂತ. ಏಳು, ಎರಡು, ಐದು. ಬೆರಳು ನಿಲ್ಲಲಿಲ್ಲ. ಮುಷ್ಟಿ. ಮತ್ತೆ ಮೂರು. ಇಷ್ಟು ಬೆಲೆಯ ಎತ್ತು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಔಷಧಿ ಚೀಟಿಯ ಹಿಂದೆ ಬರೆದುಕೊಳ್ಳತೊಡಗಿದ. ಹತ್ತು ಅಂಕಿಗೆ ಬೆರಳು ನಿಂತಿತು. ಸುಧಾರಿಸಿಕೊಂಡು ಮತ್ತೆ ಮೊದಲಿನಿಂದ ಅದೇ ಹತ್ತು. ಕೊನೆಗೆ ಮುದುಕ ಅವನ ಅಂಗೈಯನ್ನು ಅದುಮಿ ಹಿಡಿದು, ಬೇಡಿಕೊಳ್ಳುವವನಂತೆ ಎದೆಗೆ ಒತ್ತಿಕೊಂಡ.

ಗ್ಲೂಕೋಸ್ ಬದಲಿಸಲು ಬಂದ ನೀಲಾಂಬಿಕ ಚೀಟಿ ನೋಡಿದಳು. "ಫೋನ್ ನಂಬರ್ ಅಲ್ವೇನ್ರೀ ಇದು?"

ಆ ಗಿರಾಕಿಯದೇ. ವಸಂತನಿಗೆ ನಗುವೂ ಬಂತು, ಅಳುವೂ ಬಂತು. ಹಾಳಾಗಲಿ, ಕೊನೆಯ ವ್ಯಾಪಾರವೂ ಮುಗಿಯಲಿ. ಟವೆಲ್ ಕೆಳಗಿನ ಕೈಯನ್ನು ಅಲ್ಲೇ ಬಿಟ್ಟು, ಇನ್ನೊಂದು ಕೈಯಿಂದ ತಲೆದಿಂಬಿನ ಕೆಳಗಿದ್ದ ಅಪ್ಪನ ಕೀಪ್ಯಾಡ್ ಫೋನ್ ತೆಗೆದು ಒಂದೊಂದೇ ಅಂಕಿ ಒತ್ತಿದ. ಕೊನೆಯ ನಾಲ್ಕು ಎಲ್ಲೋ ಕಂಡಂತೆ ಅನ್ನಿಸಿತು. ನೆನಪಾಗಲಿಲ್ಲ.

ಎರಡೇ ರಿಂಗಿಗೆ ಎತ್ತಿದರು. ಅವನು ಬಾಯಿ ತೆರೆಯುವ ಮೊದಲೇ ಯಾರೋ ಹೆಂಗಸಿನ ದನಿ ಮಂಚದ ಸುತ್ತ ಕೇಳುವಷ್ಟು ಜೋರಾಗಿ ಬಂತು:

"ಏನ್ರೀ ಅಜ್ಜಾ, ಹೋದ ಸಂತೆಗೆ ನಿಮ್ ಫೋನೇ ಬರ್ಲಿಲ್ಲ, ಗಾಬರಿ ಆಗಿತ್ತು ನಂಗೆ. ನಿಮ್ ವಸಂತನ ನಂಬರ್ ಈಗ ನಂದು ಅಂತ ಎಷ್ಟು ವರ್ಷದಿಂದ ಹೇಳ್ತಿದೀನಿ, ನೀವು ಬಿಡೋದೇ ಇಲ್ಲ. ಹೇಳ್ರಿ, ಮಗ ಸಿಕ್ಕಿದ್ನಾ?"