ಹಗ್ಗದ ಕೊನೆಯವನು

ಹಗ್ಗದ ಬಾಲ ಹಿಡಿಯಲು ಮಂಗೇಶ ಬಂದು ನಿಂತದ್ದೇ ತಡ, ಕಾರವಾರದ ಕಡಲದಂಡೆಯಲ್ಲಿ ನೆರೆದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರು ತುದಿ ಹಿಡಿದಿದ್ದ ಪೊಲೀಸರೂ ನಕ್ಕರು. ಅವರ ಹವಾಲ್ದಾರ ಧಾರವಾಡ ಕಡೆಯವ. ಈ ವರ್ಷವೂ ಬಹುಮಾನದ ಬೆಳ್ಳಿ ಢಾಲು ನಮಗೆ ಪುಕ್ಕಟೆ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ಮೀಸೆ ತೀಡಿಕೊಂಡ. ಮಂಗೇಶನ ಕಿವಿ ಬಿಸಿಯಾಯಿತು. ಆದರೂ ಹಗ್ಗವನ್ನು ಸೊಂಟಕ್ಕೆ ಒತ್ತಿಕೊಂಡು ಮರಳಿನಲ್ಲಿ ಹಿಮ್ಮಡಿ ಊರಿದ.

ನಗಲು ಕಾರಣವಿತ್ತು. ಪೊಲೀಸರ ವಾರ್ಷಿಕ ಆಟೋಟದಲ್ಲಿ ಮಂಗೇಶನ ಊರು ಬಿಣಗಾದ ಮೀನುಗಾರರಿಗೂ ಅವರಿಗೂ ಹಗ್ಗಜಗ್ಗಾಟ ನಡೆಯುತ್ತದೆ. ಹೋದ ವರ್ಷ, ೧೯೩೪ರಲ್ಲಿ, ಬಿಣಗಾದವರು ಇನ್ನೇನು ಗೆದ್ದೇಬಿಡುವುದರಲ್ಲಿದ್ದರು. ಕಡಲಿನಿಂದ ದಂಡೆಗೆ ರಂಪಣಿ ಬಲೆ ಎಳೆದು ಬೆಳೆದ ತೋಳುಗಳವು; ಬೂಟು ಊರಿದ ಪೊಲೀಸರು ಗೆರೆಯವರೆಗೂ ಜಾರಿ ಬಂದಿದ್ದರು. ಆದರೆ ರಂಪಣಿ ಎಳೆಯುವುದಕ್ಕೆ ಒಂದು ಪದ್ಧತಿಯಿದೆ. ಹಗ್ಗ ಹಿಡಿದ ಸಾಲು ಹಿಂದೆ ಹಿಂದೆ ನಡೆಯುತ್ತದೆ. ಕೊನೆಯವನ ಕಾಲಿಗೆ ಒಣಮರಳು ಸಿಕ್ಕಿತೆಂದರೆ ಅವನು ಹಗ್ಗ ಬಿಟ್ಟು ನೀರಂಚಿಗೆ ಓಡಿ, ಎಲ್ಲರಿಗಿಂತ ಮುಂದೆ ಹೋಗಿ ಮತ್ತೆ ಹಿಡಿಯುತ್ತಾನೆ. ಅಂದು ಕೊನೆಯಲ್ಲಿದ್ದ ಮಂಗೇಶನ ಹಿಮ್ಮಡಿಗೆ ಒಣಮರಳು ತಾಗಿತು. ಕೈ ತಾನಾಗಿ ಬಿಟ್ಟಿತು, ಕಾಲು ತಾನಾಗಿ ಓಡಿತು. ಅವನು ಪೊಲೀಸರ ಮೂಗಿನೆದುರು ಹೋಗಿ ಹಗ್ಗ ಹಿಡಿದಾಗ ಇಡೀ ದಂಡೆ ಗೊಳ್ಳೆಂದಿತು. ಬಾಲ ಸಡಿಲಾದ ಬಿಣಗಾದವರು ಮುಗ್ಗರಿಸಿ ಬಿದ್ದು ಸೋತರು.

ಅಲ್ಲಿಂದ ಅವನ ಕೈಗೆ ಏನೋ ಆಯಿತು. ರಂಪಣಿ ಎಳೆಯುವಾಗ ಒಣಮರಳು ಮುಟ್ಟಿದರೂ ಹಗ್ಗ ಬಿಡಲಾರ. ಬಿಡಲೋ ಬೇಡವೋ ಎಂದು ತನ್ನ ಕೈಯನ್ನೇ ನೋಡುತ್ತ ನಿಂತುಬಿಡುವನು. ಸಾಲೆಲ್ಲ ಅವನಿಗೆ ಬಂದು ಡಿಕ್ಕಿ ಹೊಡೆಯುವುದು. ಮೀಸೆ ಮೂಡುವ ಮೊದಲೇ ಕಲಿತ ಕೆಲಸ ಮರೆತುಹೋಗಿತ್ತು. ಪೇಟೆಯಲ್ಲಿ ಮೀನು ಮಾರುವ ಅವನ ಹೆಂಡತಿ ಮಾದೇವಿಗೂ ಕಾಟ ತಪ್ಪಲಿಲ್ಲ. ನೀನು ಬುಟ್ಟಿಯನ್ನಾದರೂ ಗಟ್ಟಿಯಾಗಿ ಹಿಡಿದುಕೋ ಎನ್ನುವರು. ಅಂಥವರಿಗೆ ಅವಳು ಮೀನು ಕೊಡದೆ ಅಟ್ಟುತ್ತಿದ್ದಳು. ಕೊನೆಗೊಂದು ದಿನ ಆ ಸಿಟ್ಟನ್ನು ಮನೆಗೂ ತಂದಳು.

“ನೀವು ಹಗ್ಗ ಬಿಟ್ಟದ್ದು ಒಂದೇ ಸಲ. ಮತ್ತೆ ದಿನಾ ಮನ್ಸಿನೊಳಗೆ ಬಿಡ್ತಾ ಕೂತ್ಕಂಡಿದ್ರಿ. ಅದಕ್ಕೆ ಊರವ್ರು ಎಂತಾ ಮಾಡೂದು?”

ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಆಟೋಟ ಹತ್ತಿರ ಬಂದಾಗ, ರಂಪಣಿ ನಡೆಸುವ ತಾಂಡೇಲ ಜಟ್ಟಪ್ಪ ಈ ಸಲ ಬಾಲಕ್ಕೆ ತನ್ನ ಅಳಿಯ ರಾಮಾನನ್ನು ನಿಲ್ಲಿಸುವುದೆಂದು ಗೊತ್ತುಮಾಡಿದ್ದ. ಮಂಗೇಶ ಅವನ ಅಂಗಳಕ್ಕೆ ಹೋಗಿ, ಬಾಲದಲ್ಲಿ ತಾನೇ ನಿಲ್ಲುವುದಾಗಿ ಹೇಳಿದ.

“ಮತ್ತೂ ಅಲ್ಲೇ ನಿಲ್ತ್ಯನಾ? ನಿಂಗೆ ಮರ್ಯಾದಿ ಬೇಡ್ವಾ?”

“ಕಳ್ದದ್ದು ಅಲ್ಲೇ ಅಲ್ದಾ ಜಟ್ಟಪ್ಪಣ್ಣಾ. ಹುಡ್ಕೂದೂ ಅಲ್ಲೇ.”

ಆಗಲಿ, ಆದರೆ ಈ ಸಲವೂ ಬಿಟ್ಟರೆ ನಾಳೆಯಿಂದ ರಂಪಣಿ ಹಗ್ಗವನ್ನೂ ಮುಟ್ಟಬೇಡ, ಮೀನಿನಲ್ಲಿ ನಿನ್ನ ಪಾಲೂ ಇಲ್ಲ ಎಂದ ಜಟ್ಟಪ್ಪ. ಮಂಗೇಶ ಒಪ್ಪಿಕೊಂಡು ಬಂದಿದ್ದ.

ಸೀಟಿ ಊದಿದರು. ಹಗ್ಗ ಬಿಗಿಯಿತು. ಬಿಣಗಾದವರು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದರು, ಮಂಗೇಶನ ಹಿಮ್ಮಡಿಗೆ ಒಣಮರಳು ತಾಗಿತು. “ಒಣಮರಳ ಬಂತಲೇ, ಬಿಟ್ಟು ಓಡು!” ಎಂದು ಹವಾಲ್ದಾರ ಕೂಗಿದ. ಬೆರಳುಗಳು ಬಿಡಲು ಹವಣಿಸಿದವು. ಮಂಗೇಶ ಈ ಸಲ ಅವುಗಳ ಕಡೆ ನೋಡಲಿಲ್ಲ. ಹವಾಲ್ದಾರನ ಮೀಸೆಯನ್ನು ನೋಡಿದ. ಉಪ್ಪಿನ ಸತ್ಯಾಗ್ರಹದ ಗಲಾಟೆಯಲ್ಲಿ ಅರ್ಧ ಬಿಣಗಾದ ಬೆನ್ನ ಮೇಲೆ ಲಾಠಿ ಆಡಿಸಿದವನ ಮೀಸೆ ಅದು. ನೋಡುತ್ತ ನೋಡುತ್ತ ಬೆರಳುಗಳು ಮರೆತೇಹೋದವು.

ಆದರೆ ಗೆಲುವು ಬರಲಿಲ್ಲ. ಮುಂದಿದ್ದ ರಾಮಾ ಕಾಲು ಜಾರಿ ಬಿದ್ದ. ಪೊಲೀಸರು ಒಮ್ಮೆಲೇ ಜಗ್ಗಿದರು, ಬಿಣಗಾದವರು ಒಬ್ಬರ ಮೇಲೊಬ್ಬರು ಉರುಳಿದರು, ಮತ್ತೆ ಸೀಟಿ ಕೇಳಿತು. ಎಲ್ಲರೂ ಹಗ್ಗ ಬಿಟ್ಟು ಮೈಯ ಮರಳು ಕೊಡವಿಕೊಂಡರು. ಮಂಗೇಶ ಬಿಡಲಿಲ್ಲ. ಹವಾಲ್ದಾರ ಮೋಜಿಗಾಗಿ, ಎಳೀರಿ ಎಂದ. ಪೊಲೀಸರೆಲ್ಲ ಸೇರಿ ಅವನನ್ನು ಬೋರಲಾಗಿ ಮರಳ ಮೇಲೆ ಎಳೆದರು. ಗದ್ದ ತರಚಿತು, ಬಾಯಿಗೆ ಮರಳು ಹೊಕ್ಕಿತು. ಮೊದಲು ನಕ್ಕ ಜನ ಆಮೇಲೆ ನಗುವುದನ್ನು ನಿಲ್ಲಿಸಿದರು.

“ಆಟ ಮುಗೀತಲೇ, ಬಿಡು.”

“ನಿಮ್ದು ಮುಗೀತಲಾ, ನೀವ್ ಬಿಡಿ.”

ಹವಾಲ್ದಾರ ಬೈದ, ಹಗ್ಗವನ್ನು ಕುಲುಕಿದ. ಬಿದ್ದಲ್ಲಿಂದ ಏಳದೆ ಮಂಗೇಶ ಅವನ ಮೀಸೆಯನ್ನೇ ನೋಡುತ್ತಿದ್ದ. ಚಪ್ಪರದಲ್ಲಿ ಸಾಹೇಬರು ಢಾಲು ಕೊಡಲು ಎದ್ದು ನಿಂತಿದ್ದರು. ಗೆದ್ದವರು ಎಲ್ಲಿ ಎಂದು ಕರೆ ಬಂತು. ತುದಿಯ ಪೊಲೀಸ ಮೊದಲು ಕೈಬಿಟ್ಟ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಕೊನೆಗೆ ಹವಾಲ್ದಾರನೂ ಹಗ್ಗವನ್ನು ನೆಲಕ್ಕೆ ಎಸೆದು ಚಪ್ಪರದ ಕಡೆ ನಡೆದ.

ಆಗ ಮಂಗೇಶನ ಕೈ ತಾನಾಗಿ ಬಿಚ್ಚಿತು. ಕಾಲು ತಾನಾಗಿ ಎದ್ದಿತು. ಅವನು ರಂಪಣಿಯಲ್ಲಿ ಮುಂದೆ ಹೋಗುವಂತೆ ಹಗ್ಗದ ಉದ್ದಕ್ಕೂ ನಡೆದುಹೋಗಿ, ಪೊಲೀಸರ ಕೈಬೆವರು ಇನ್ನೂ ಆರದ ಆ ತುದಿಯನ್ನು ಎತ್ತಿ ಹಿಡಿದು, ತನ್ನವರ ಕಡೆ ತಿರುಗಿದ.

“ಬನ್ನಿ,” ಎಂದ. “ಇನ್ನೂ ಎಳೆಯೂದದೆ.”