ಎಡಗಡೆಯ ದನಿ

"ಹಾಡು ಬರವಲ್ದು ನೋಡಪಾ," ಎಂದಳು ಬನಶಂಕರಿ, ಕಂಪ್ಯೂಟರ್ ರಿಪೇರಿಯ ಮೌನೇಶ ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ. ಅವನು ಒಳಗೆ ಬಂದು ಕಿವಿಗೊಟ್ಟ. ಎಡಗಡೆಯ ಸ್ಪೀಕರಿನಿಂದ ಒಂದು ಹುಡುಗಿಯ ದನಿ ಚೆನ್ನಾಗಿಯೇ ಕೇಳುತ್ತಿತ್ತು.

"ಬರಾಕ ಹತ್ತೇತಲ್ರಿ ಅವ್ವಾರ?"

"ಎಲ್ಲಿ ಬರಾಕ ಹತ್ತೇತಿ? ನಿನ್ನೆಯಿಂದ ಹಿಂಗ ಖಾಲಿ ಒದರತೈತಿ."

ಅಡುಗೆಮನೆಯ ಬಾಗಿಲಲ್ಲಿ ಮಗಳು ಮೇಘಾ ನಿಂತಿದ್ದಳು. ಖಾಲಿ ಎಂದು ಅವ್ವ ಹೇಳಿದ್ದು ಅವಳ ದನಿಯನ್ನೇ.

ಆ ಹಾಡನ್ನು ಅಕ್ಕತಂಗಿಯರಿಬ್ಬರೂ ಕೂಡಿ ಹಾಡಿದ್ದರು. ಬೆಟಗೇರಿಯ ಗುಡಿಯಲ್ಲಿ ರೆಕಾರ್ಡ್ ಮಾಡಿದವನು ಇಬ್ಬರಿಗೂ ಬೇರೆ ಬೇರೆ ಮೈಕು ಕೊಟ್ಟು, ಅಕ್ಕ ಕಲ್ಪನಾಳ ದನಿ ಬಲಗಡೆಯ ಸ್ಪೀಕರಿನಲ್ಲಿ, ಮೇಘಾಳದು ಎಡಗಡೆಯದರಲ್ಲಿ ಬರುವ ಹಾಗೆ ಮಾಡಿಕೊಟ್ಟಿದ್ದ. ಹೋದ ವರ್ಷ ಕಾಮಾಲೆಯಾಗಿ ಕಲ್ಪನಾ ತೀರಿಕೊಂಡಳು. ಅಂದಿನಿಂದ, ಸೀರೆ ಅಂಚಿನ ಡಿಸೈನು ತೆಗೆಯಲೆಂದು ಅಪ್ಪ ತಂದಿಟ್ಟಿದ್ದ ಕಂಪ್ಯೂಟರು ದಿನಾ ಅದೊಂದೇ ಹಾಡು ಹಾಡುತ್ತಿತ್ತು. ಬನಶಂಕರಿ ಬಲಗಡೆಯ ಸ್ಪೀಕರಿನ ಮಗ್ಗುಲಿಗೇ ಕುಳಿತು, ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಕೇಳುವಳು.

ಹೋದವಳ ಮೇಲೆ ಎಂಥಾ ಹೊಟ್ಟೆಕಿಚ್ಚು ಎಂದು ಯಾರಾದರೂ ಮೇಘಾಳನ್ನು ಆಡಿಕೊಂಡರೆ ಆಡಿಕೊಳ್ಳಲಿ. ಅಕ್ಕನಿಗಾಗಿ ಅವಳೇನು ಕಡಿಮೆ ಅತ್ತಿರಲಿಲ್ಲ. ಆದರೂ ಅವ್ವ ಒಂದು ಸಲ ತನ್ನ ಕಡೆಗೂ ತಿರುಗಲಿ ಎಂಬ ಆಸೆ ಬಿಡಬೇಕಲ್ಲ! ನಿನ್ನೆ ನಳ ಬಂತೆಂದು ಅವ್ವ ಕೊಡ ಹಿಡಿದು ಓಡಿದಾಗ, ಕಂಪ್ಯೂಟರಿನ ಸೆಟ್ಟಿಂಗಿಗೆ ಹೋಗಿ ಬಲಗಡೆಯ ದನಿಯನ್ನು ಸೊನ್ನೆಗೆ ಇಳಿಸಿಬಿಟ್ಟಿದ್ದಳು. ತನ್ನ ದನಿಯೊಂದೇ ಬಂದರೆ ಅವ್ವ ಅದನ್ನಾದರೂ ಕೇಳಿಯಾಳು, ನೀನೂ ಚಲೋ ಹಾಡ್ತೀ ಬಿಡು ಎಂದಾಳು ಎಂದುಕೊಂಡಿದ್ದಳು, ಹುಚ್ಚು ಹುಡುಗಿ. ಅವ್ವ ಕಂಡಿಕೆ ಕೆಳಗಿಟ್ಟು, ಕಂಪ್ಯೂಟರ್ ಕೆಟ್ಟಿತೆಂದು ಮೌನೇಶನಿಗೆ ಫೋನು ಮಾಡಿಸಿದಳು.

ಮೌನೇಶ ಬಲಗಡೆಯ ಸ್ಪೀಕರನ್ನು ತಟ್ಟಿ ನೋಡಿದ. ವಾಯರು ಕಿತ್ತು ಮತ್ತೆ ಹಾಕಿದ. ತನ್ನ ಫೋನಿಗೆ ಸಿಕ್ಕಿಸಿದರೆ ಎರಡೂ ಸ್ಪೀಕರು ಗಟ್ಟಿಯಾಗಿ ಹಾಡಿದವು. ಹಾಗಾದರೆ ದೋಷ ಕಂಪ್ಯೂಟರಿನೊಳಗೇ ಇದೆ ಎನ್ನುತ್ತಾ ಸೆಟ್ಟಿಂಗು ತೆರೆದವನು ಗಕ್ಕನೆ ನಿಂತ. ಒಂದು ಕಡೆ ನೂರು, ಇನ್ನೊಂದು ಕಡೆ ಸೊನ್ನೆ. ಇದನ್ನು ಯಾರಾದರೂ ಮುಟ್ಟಿದ್ದರೇನು ಎಂದು ಕೇಳಲು ತಲೆ ಎತ್ತಿದರೆ ಬಾಗಿಲಲ್ಲಿ ಮೇಘಾ. ಅವಳ ಮುಖ ನೋಡಿ ಅವನು ಕೇಳಲಿಲ್ಲ. ಒಮ್ಮೊಮ್ಮೆ ತಾನೇ ಹೀಗಾಗುತ್ತದೆ ಎಂದು ಬನಶಂಕರಿಗೆ ಹೇಳಿ ಸರಿಮಾಡಿದ.

ಬಲಗಡೆಯಿಂದ ಕಲ್ಪನಾಳ ದನಿ ಬಂತು. ಬನಶಂಕರಿ ಸೆರಗಿನಿಂದ ಬಾಯಿ ಒತ್ತಿಕೊಂಡು ಅತ್ತಳು. ಹಾಡು ಮುಗಿಯುವವರೆಗೂ ಕಣ್ಣು ತೆರೆಯಲಿಲ್ಲ. ಮೌನೇಶ ಚೀಲ ಹೆಗಲಿಗೇರಿಸಿದಾಗ, ಏನೋ ನೆನಪಾದವಳಂತೆ ಅವನನ್ನು ತಡೆದಳು.

"ಯಪ್ಪಾ, ಆಕಿ ಹಾಡೂ ಮುಂದ ನಡುವ ಇನ್ನೊಂದು ದನಿ ಅಡ್ಡ ಬರತೈತಿ. ಅದನ್ನ ಬಂದ್ ಮಾಡಾಕ ಬರತೈತೇನು?"

ಮೌನೇಶ ನೆಲ ನೋಡಿದ. "ಅದು ನನಗ ಬರೂದಿಲ್ರಿ ಅವ್ವಾರ," ಎಂದು ಚಪ್ಪಲಿ ಮೆಟ್ಟಿದ.

"ನನಗ ಬರತೈತಿ ತಡಿಯವ್ವ," ಎಂದಳು ಮೇಘಾ. ಕೈ ಸೆರಗಿಗೆ ಒರೆಸಿಕೊಂಡು ಬರುವವಳ ಹಾಗೆ ಸಾವಕಾಶ ಬಂದು ಕುಳಿತಳು, ಮೌಸು ಹಿಡಿದಳು, ಎಡಗಡೆಯ ದನಿಯನ್ನು ಸೊನ್ನೆಗೆ ಇಳಿಸಿದಳು.